ಎರಡು ಮುಳ್ಳು, ಎರಡು ಕೋಟು ಬಣ್ಣ

ನನ್ನ ತಮ್ಮನನ್ನು ಪೇಟೆಯವರೆಲ್ಲ ಮುಳ್ಳಿನ ಮೇಷ್ಟ್ರು ಎನ್ನುತ್ತಾರೆ. ಅವನು ಯಾವ ಶಾಲೆಯ ಮೇಷ್ಟರೂ ಅಲ್ಲ. ಹಳೆಯ ಕಾರುಗಳ ಡ್ಯಾಶ್‌ಬೋರ್ಡಿನಲ್ಲಿ ಕೆಟ್ಟು ನಿಂತ ಮೀಟರುಗಳನ್ನು ರಿಪೇರಿ ಮಾಡುವವನು. ಅದೇ ಶೆಡ್ಡಿನ ಇನ್ನೊಂದು ಮೂಲೆಯಲ್ಲಿ ನಾನು ಕಾರಿನ ಸೀಟು ಹೊಲಿಯುತ್ತೇನೆ. ನಮ್ಮಿಬ್ಬರ ನಡುವೆ ಅವನ ಮಗಳ ಬೆಂಚು. ಆರು ವರ್ಷದಿಂದ ವೈರಿಂಗ್ ಎಲ್ಲ ಅವಳದೇ.

ಕೆಲಸದಲ್ಲಿ ತಮ್ಮ ಅಚ್ಚುಕಟ್ಟು. ಮಾತಿಗೆ ಕೂತರೆ ಮಾತ್ರ ಅವನು ಹಿಡಿದ ಮೊಲಕ್ಕೆ ಮೂರೇ ಕಾಲು. ಡ್ಯಾಶ್‌ಬೋರ್ಡಿನ ತಗಡು ಬಿಚ್ಚಿದರೆ ಯಾರೂ ನೋಡದ ಹಿಂಬದಿಗೂ ಬಣ್ಣ ಹೊಡೆಯುತ್ತಾನೆ. "ಹಿಂದೆ ಯಾರು ನೋಡ್ತಾರೋ?" ಎಂದರೆ "ನಾನು ನೋಡ್ತೀನಲ್ಲ ಅಕ್ಕ" ಎನ್ನುತ್ತಾನೆ. ಹಲ್ಲಿನ ಡಾಕ್ಟರ ಕಾರು ಬಂದಾಗ, ಅವರು ಹೊಗಳಿದ ಹುರುಪಿನಲ್ಲಿ ಒಂದರ ಬದಲು ಎರಡು ಕೋಟು ಹೊಡೆದ.

ಕಾರು ಒಯ್ದ ನಾಲ್ಕನೇ ದಿನ ಡಾಕ್ಟರು ವಾಪಸು ಬಂದರು. ಪೆಟ್ರೋಲಿನ ಮುಳ್ಳು ಕಾಲು ಟ್ಯಾಂಕ್ ಇದೆ ಎನ್ನುತ್ತಿರುವಾಗಲೇ ಸೇತುವೆಯ ಮಧ್ಯೆ ಕಾರು ನಿಂತುಬಿಟ್ಟಿತಂತೆ. ಪಕ್ಕದ ಬಿಸಿಯ ಮುಳ್ಳೂ ಅಷ್ಟೇ, ನೆಟ್ಟಗಿರುವ ಇಂಜಿನ್ನಿಗೆ ಜ್ವರ ತೋರಿಸುತ್ತಿತ್ತು. ಹಲ್ಲು ಕೀಳುವವರು, ಅರಿವಳಿಕೆ ಕೊಡದೆಯೇ ಬೈಯಲು ಶುರುಮಾಡಿದರು. ನನ್ನ ತಮ್ಮ ಹಿಂದುಮುಂದು ನೋಡದೆ ಮಗಳ ಕಡೆ ಕೈ ತೋರಿಸಿದ.

"ಮೀಟರ್ ನಾನೇ ನೋಡಿದ್ದು, ಸರಿಯಾಗೇ ಇತ್ತು. ವೈರಿಂಗ್ ಇವಳದು. ಎಲ್ಲೋ ಎಡವಟ್ಟು ಮಾಡಿದಾಳೆ."

ಅವಳು ಇಕ್ಕಳ ಕೆಳಗಿಟ್ಟು ಕೈ ಒರೆಸಿಕೊಂಡಳು. "ಸರಿ ಅಪ್ಪ" ಎಂದಷ್ಟೇ ಹೇಳಿ ಮನೆಗೆ ಹೋದಳು. ಮಾರನೆಯ ದಿನ ಬರಲಿಲ್ಲ. ಅದರ ಮಾರನೆಯ ದಿನ ಬಸ್ ಡಿಪೋದಲ್ಲಿ ಕೆಲಸ ಕೇಳಿಕೊಂಡು ಬಂದಳು. ಸೋಮವಾರದಿಂದ ಬಾ ಎಂದರಂತೆ. ಆ ಬೆಂಚು ಖಾಲಿಯಾದರೆ ಈ ಶೆಡ್ಡಿನಲ್ಲಿ ನಾವಿಬ್ಬರು ಮುದುಕರು ಒಬ್ಬರನ್ನೊಬ್ಬರು ಬೈದುಕೊಂಡು ಕೂರಬೇಕಷ್ಟೆ.

ತಮ್ಮ ಮೂರು ದಿನ ಮಗಳು ಎಳೆದ ವೈರುಗಳನ್ನು ಒಂದೊಂದಾಗಿ ಬಿಚ್ಚಿದ. ಒಂದೂ ಸಡಿಲ ಗಂಟು ಸಿಗಲಿಲ್ಲ. ಪೆಟ್ರೋಲ್ ಟ್ಯಾಂಕಿನೊಳಗಿನ ತೇಲುಬುರುಡೆ ತೆಗೆದು ನೋಡಿದ, ಮೀಟರುಗಳನ್ನೇ ಬದಲಿಸಿದ. ಮುಳ್ಳುಗಳು ಇಳಿಯಲೊಲ್ಲವು.

"ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕ್ತಿದ್ದೀಯ" ಎಂದೆ.

"ನೀನು ಸೀಟು ಹೊಲಿ ಅಕ್ಕ."

ಶನಿವಾರ ಮಧ್ಯಾಹ್ನ ಅವನೇ ಗೊಣಗಿಕೊಂಡ. "ಒಂದು ಮುಳ್ಳು ತಪ್ಪಿದ್ರೆ ಅದರ ದೋಷ. ಎರಡೂ ಒಂದೇ ಥರ ತಪ್ಪಿದ್ರೆ, ಎರಡಕ್ಕೂ ಊಟ ಹಾಕೋನ ದೋಷ."

ಊಟ ಹಾಕುವುದು ಬೆಂಕಿಪೊಟ್ಟಣದಷ್ಟು ದೊಡ್ಡ ತಗಡಿನ ಡಬ್ಬಿ. ಬ್ಯಾಟರಿಯ ಕರೆಂಟನ್ನು ತಗ್ಗಿಸಿ ಎರಡೂ ಮೀಟರಿಗೆ ಹಂಚುತ್ತದೆ. ಅದರ ಮೈ ಡ್ಯಾಶ್‌ಬೋರ್ಡಿನ ಹಿಂಬದಿಯ ಬರಿಯ ಲೋಹಕ್ಕೆ ತಾಗಿರಬೇಕು. ತಾಗದಿದ್ದರೆ ಕರೆಂಟು ಹತೋಟಿಯಿಲ್ಲದೆ ನುಗ್ಗಿ ಮುಳ್ಳುಗಳು ಮೇಲೇರುತ್ತವೆ. ತಮ್ಮ ಆ ಡಬ್ಬಿಯ ಸ್ಕ್ರೂ ಬಿಚ್ಚಿದ. ಅಡಿಯಲ್ಲಿ ಅವನೇ ಹೊಡೆದ ಕಪ್ಪು ಬಣ್ಣ ದಪ್ಪಗೆ, ಗಟ್ಟಿಯಾಗಿ ಕೂತಿತ್ತು. ಅಷ್ಟಗಲ ಬಣ್ಣ ಕೆರೆದು, ಡಬ್ಬಿ ಕೂರಿಸಿ, ಕೀಲಿ ತಿರುಗಿಸಿದ. ಈ ಸಲ ಎರಡೂ ಮುಳ್ಳು ನಿಧಾನವಾಗಿ ಮೇಲೆದ್ದು ತಂತಮ್ಮ ಸರಿಯಾದ ಜಾಗದಲ್ಲೇ ನಿಂತವು. ಅವನು ಕೆರೆದ ಬಣ್ಣದ ಪುಡಿಯನ್ನು ಅಂಗೈಗೆ ಗುಡಿಸಿಕೊಂಡ.

"ಕಾರು ಸರಿಹೋಯ್ತು, ಬಾ ಅಂತ ಅವಳಿಗೆ ಫೋನ್ ಮಾಡ್ತೀನಿ" ಎಂದ ಕೊನೆಗೆ.

"ಕಾರು ಸರಿಹೋಯ್ತು. ಆಡಿದ ಮಾತು?" ಎಂದು ನಾನು ರೇಗಿದೆ.

ಇಬ್ಬರೂ ಮನೆಗೆ ಹೋದೆವು. ಅವಳು ಬಟ್ಟೆ ಇಸ್ತ್ರಿ ಮಾಡುತ್ತಿದ್ದಳು. ತಮ್ಮ ತಡವರಿಸುತ್ತ ಬಣ್ಣದ ವಿಷಯ ಹೇಳಿದ.

"ಎರಡೂ ಮುಳ್ಳು ಮೇಲಿವೆ ಅಂತ ಡಾಕ್ಟ್ರು ಅಂದಾಗಲೇ ಗೊತ್ತಾಯ್ತು" ಎಂದಳು ಅವಳು.

"ಮತ್ತೆ ಯಾಕೆ ಹೇಳ್ಲಿಲ್ಲ?"

"ನೀನು ಕೇಳ್ಲಿಲ್ಲ. ಎಡವಟ್ಟು ಇವಳದು ಅಂತ ಹೇಳ್ಬಿಟ್ಟೆ." ಅಂಗಿಯ ತೋಳು ಮಡಿಸಿದಳು. "ಡಾಕ್ಟ್ರ ಮುಂದೆ ಹೇಳಿದ್ದು. ಇದನ್ನೂ ಅವರ ಮುಂದೆನೇ ಹೇಳು."

ಭಾನುವಾರ ಬೆಳಿಗ್ಗೆ ಮೂವರೂ ಕಾರು ತೆಗೆದುಕೊಂಡು ಡಾಕ್ಟರ ಮನೆಗೆ ಹೋದೆವು. ಅವರು ಮೀಟರು ನೋಡಿ ಖುಷಿಯಾದರು. "ಹೋಗ್ಲಿ ಬಿಡಿ, ಹುಡುಗಿ ನಿಧಾನಕ್ಕೆ ಕಲೀತಾಳೆ" ಎಂದರು.

ಅಲ್ಲಿಗೆ ಮುಗಿಸಬಹುದಿತ್ತು. ತಮ್ಮನದು ನಲವತ್ತು ವರ್ಷದ ಹೆಸರು. ಊರಿನ ಹಳೆ ಕಾರಿನವರೆಲ್ಲ ಈ ಡಾಕ್ಟರ ಸ್ನೇಹಿತರೇ. ತಮ್ಮ ಮತ್ತೆ ಮಗಳ ಕಡೆ ಕೈ ತೋರಿಸಿದ.

"ಅವಳಿಗೆ ಬರುತ್ತೆ, ಡಾಕ್ಟ್ರೇ. ಕಲೀಬೇಕಾದೋನು ನಾನು. ತಪ್ಪು ನಂದು."

ನನಗೆ ಅಳು ಬಂತು, ಮುಚ್ಚಿಡುವುದೇನು. ವಾಪಸು ನಡೆದುಕೊಂಡೇ ಬಂದೆವು. ಅರ್ಧ ದಾರಿ ಕಳೆದಿತ್ತು.

"ನಾಳೆ ಎಷ್ಟು ಹೊತ್ತಿಗೆ ಶೆಡ್ಡಿನ ಬಾಗಿಲು ತೆಗೀತೀಯ?" ಎಂದು ಕೇಳಿದಳು, ಆರು ವರ್ಷ ಆ ಬಾಗಿಲಿನ ಬೀಗ ತಾನೇ ತೆಗೆದವಳು.

"ಎಂಟಕ್ಕೆ" ಎಂದ ತಮ್ಮ, ಹೊಸಬರಿಗೆ ಹೇಳುವಷ್ಟು ಮರ್ಯಾದೆಯಿಂದ.