ಬಾಲ ನನ್ನ ಕೈಯಲ್ಲಿ

ಮಾವನ ಎರಡು ಸೀಟಿನ ವಿಮಾನವನ್ನು ಘಟ್ಟದ ಮೇಲಿನ ಹಾರಾಟದ ಮೈದಾನದಿಂದ ರೆಕ್ಕೆ ಬಿಚ್ಚಿ ಲಾರಿಯಲ್ಲಿ ತಂದದ್ದು ಒಂದು ಸೋಮವಾರ. ನಾರಾವಿಯ ಅವರ ಅಕ್ಕಿ ಗಿರಣಿಯ ಶೆಡ್ಡಿನಲ್ಲಿ ಇಳಿಸಿದೆವು. ಮೈಯೆಲ್ಲ ಬಣ್ಣ ಸುಲಿಯುತ್ತಿತ್ತು. ಹೊಸ ಬಣ್ಣದ ನಂತರ ಮೊದಲ ಹಾರಾಟಕ್ಕೆ ಪಕ್ಕದ ಸೀಟು ನನಗೆಂದು ಅವರೇ ತೀರ್ಮಾನಿಸಿದ್ದರು. ಆದ್ದರಿಂದ ಬಣ್ಣ ಹೊಡೆಯುವ ಅಂಗಡಿ ಹುಡುಕಲು ನಾನೇ ಹೊರಟೆ. ಬಿದ್ದರೆ ನಾನೂ ಬೀಳಬೇಕಲ್ಲ.

ವಿಮಾನವನ್ನು ಎಡಬಲಕ್ಕೆ ತಿರುಗಿಸುವ ಬಾಲದ ಹಲಗೆ, ಅಂದರೆ ಚುಕ್ಕಾಣಿ, ಹಗುರವಾಗಿರಬೇಕು, ಬಣ್ಣ ಬಳಿದ ಮೇಲೆ ಅದನ್ನು ತೂಗಿ ಸಮತೋಲ ನೋಡಬೇಕು, ಇಲ್ಲವಾದರೆ ವೇಗದಲ್ಲಿ ಅದುರಿ ಮುರಿಯಬಹುದು ಎಂದು ವಿಮಾನದ ಕೈಪಿಡಿಯಲ್ಲೇ ಉಂಟು. ಮಂಗಳವಾರ ಗುರುವಾಯನಕೆರೆಯಲ್ಲಿ ಇದನ್ನು ಹೇಳಿದಾಗ ಅಂಗಡಿಯವನು ನಕ್ಕ. ಗುರುವಾರ ಮೂಡುಬಿದಿರೆಯ ಕಾರು ಪೇಂಟಿನವನು ಹಳೆಯದನ್ನು ಪೂರ್ತಿ ತೆಗೆದು, ತೆಳುವಾಗಿ ಹೊಡೆದು, ತೂಗಿಯೇ ಕೊಡುತ್ತೇನೆ ಎಂದ. ಆದರೆ ಬಣ್ಣ ಸರಿಯಾಗಿ ಒಣಗಲು ಮಳೆ ಮುಗಿಯುವವರೆಗೆ ಕಾಯಬೇಕಿತ್ತು.

ಶನಿವಾರ ಮಾವ ಚುಕ್ಕಾಣಿಯನ್ನು ಬಿಚ್ಚಿ ಜೀಪಿಗೆ ಹಾಕಿ ನನ್ನನ್ನು ಪುಂಜಾಲಕಟ್ಟೆಗೆ ಕರೆದೊಯ್ದರು. ಅಜ್ಜನ ಬಸ್ಸಿಗೆ ವರ್ಷವರ್ಷವೂ ಬಣ್ಣ ಹೊಡೆದ ಅಂಗಡಿ ಅದು. ಬಸ್ಸು ಮಾರಿಹೋದರೂ ನಮ್ಮ ಮನೆಯ ಮದುವೆಗಳಲ್ಲಿ ಅದರ ಮಾಲಕ ಮೊದಲ ಪಂಕ್ತಿಗೇ ಕೂರುತ್ತಾನೆ. ಅವನು ಚುಕ್ಕಾಣಿಯ ತಗ್ಗುಗಳ ಮೇಲೆ ಹೆಬ್ಬೆರಳು ಒತ್ತಿದ.

"ತಗ್ಗು ಮುಚ್ಚಲಿಕ್ಕೆ ದಪ್ಪಕ್ಕೆ ಪುಟ್ಟಿ ಎಳೆದರಾಯ್ತು ಅಣ್ಣ. ಬಸ್ಸಿಗಿಂತ ನುಣ್ಣಗೆ ಮಾಡಿಕೊಡ್ತೇನೆ."

ತೂಕದ ಮಾತೆತ್ತಿದೆ.

"ಪುಟ್ಟಿ ಭಾರ ಆಯ್ತು ಅಂತ ಬಸ್ಸು ನಿಂತದ್ದುಂಟಾ ಮಾರಾಯ್ತಿ?"

ಮಾವನೂ ನಕ್ಕರು. ಆ ನಗು ನನಗೆ ಮೈಯುರಿ ತಂದಿತು. ಹಿಂದಿರುಗುವಾಗ, ಮೂಡುಬಿದಿರೆಗೇ ಕೊಡುವ ಎಂದೆ. ಬೇರೆಯವರಿಗೆ ಕೊಟ್ಟರೆ ಇವನ ಮುಖ ನೋಡುವುದು ಹೇಗೆ ಎಂದು ಗದರಿದರು. ಅವರ ದಾಕ್ಷಿಣ್ಯಕ್ಕೆ ನನ್ನ ತಲೆ ಒಡೆಯಬೇಕೇ?

"ಹಾಗಾದರೆ ನಾನು ಕೂರುವುದಿಲ್ಲ ಮಾವ."

"ಬೇಡ. ಆ ಸೀಟಿಗೆ ಒಂದು ಅಕ್ಕಿ ಮೂಟೆ ಕಟ್ಟಿಕೊಂಡು ಹಾರ್ತೇನೆ. ಅದು ಬಾಯಿ ಮಾಡುವುದಿಲ್ಲ."

ಗುರುವಾಯನಕೆರೆಯಲ್ಲಿ ಅವರು ಚಹಾಕ್ಕೆ ಇಳಿದರು. ನಾನು ಚುಕ್ಕಾಣಿಯನ್ನು ಎತ್ತಿಕೊಂಡು ಮೂಡುಬಿದಿರೆಯ ಬಸ್ಸು ಹತ್ತಿದೆ. ಕಂಡಕ್ಟರ್ ಅದೇನೆಂದು ಕೇಳಿದ, ಬಾಲ ಎಂದೆ. ಲಗೇಜು ಟಿಕೆಟ್ ಹರಿದುಕೊಟ್ಟ.

ಉಳಿದ ವಿಮಾನ ಈಗ ಪುಂಜಾಲಕಟ್ಟೆಯಲ್ಲಿ ಪುಟ್ಟಿ ಮೆತ್ತಿಸಿಕೊಳ್ಳುತ್ತಿದೆ. ಚುಕ್ಕಾಣಿ ಮೂಡುಬಿದಿರೆಯಲ್ಲಿದೆ, ನನ್ನನ್ನು ಬಿಟ್ಟು ಬೇರೆ ಯಾರ ಕೈಗೂ ಕೊಡಬೇಡಿ ಎಂದು ಹೇಳಿಬಂದಿದ್ದೇನೆ. ನಿನ್ನ ಮಗಳು ಕಳ್ಳಿ ಎಂದು ಮಾವ ಅಮ್ಮನಿಗೆ ಫೋನು ಮಾಡಿದರು. ಬಾಲವಿಲ್ಲದೆ ಹಾರಲಿ, ನೋಡುವ ಎಂದು ಅಮ್ಮನ ಬಾಯಲ್ಲೇ ಹೇಳಿಸಿದೆ.