ಅಂಟಾರ್ಕ್ಟಿಕಾದಲ್ಲಿ ನಾನು ಬರೆಸಿದ ಜಲಸಂಧಿ

ಆ ತಪ್ಪು ನನ್ನದು, ಮೆಹಬೂಬ್ ಸಾಹೇಬರೇ, ನಿಮ್ಮದಲ್ಲ. ಯಲಬುರ್ಗಾ ಸೀಮೆಯಲ್ಲಿ ನಾನು ಭೂಗೋಳ ಕಲಿಸುತ್ತಿದ್ದ ಶಾಲೆಯ ಗೋಡೆಗೆ ನೀವು ಏಳು ಖಂಡಗಳ ನಕಾಶೆ ಬರೆದಿರಿ. ಅಂಟಾರ್ಕ್ಟಿಕಾದ ಪರ್ಯಾಯದ್ವೀಪವನ್ನು — ದಕ್ಷಿಣ ಅಮೆರಿಕದ ಕಡೆಗೆ ಚಾಚಿಕೊಂಡ ಆ ಉದ್ದನೆಯ ಹಿಮದ ನೆಲವನ್ನು — ನೀಲಿ ಬಣ್ಣದಿಂದ ಕತ್ತರಿಸಿ ದ್ವೀಪ ಮಾಡಿಸಿದವನು ನಾನು.

ನನ್ನ ಮೇಷ್ಟ್ರು ಕೊಟ್ಟ ಹಳೆಯ ಅಟ್ಲಾಸ್ ಮೇಲೆ ಕೊಬ್ಬರಿ ಎಣ್ಣೆ ಸವರಿದ ಕಾಗದ ಇಟ್ಟು ನಕಾಶೆ ತೆಗೆದುಕೊಟ್ಟಿದ್ದೆ. ನೀವು ಏಣಿಯ ಮೇಲಿಂದಲೇ ಕೇಳಿದಿರಿ: "ಸರ, ಇಲ್ಲಿ ನೀರು ಐತೇನ್ರಿ? ನಮ್ಮ ಮಗಳ ಪುಸ್ತಕದಾಗ ನೆಲ ಕೂಡೇ ಐತಲ್ರಿ."

"ಭೂಗೋಳ ಕಲಸಾವ್ರು ನೀವೋ ನಾನೋ? ಕೊಟ್ಟಂಗ ಬರೀರಿ."

ನಿಮ್ಮ ಮುಖ ಸಪ್ಪಗಾಯಿತು. ನನಗೆ — ನಿಜ ಹೇಳುತ್ತೇನೆ — ಖುಷಿಯಾಯಿತು.

ಸಂಜೆ ಮನೆಯಲ್ಲಿ ಬೇರೊಂದು ಭೂಗೋಳದ ಪುಸ್ತಕ ತೆಗೆದು ನೋಡಿದೆ. ಹಿಂದೆ ಒಬ್ಬ ಅನ್ವೇಷಕ ವಿಮಾನದಿಂದ ಕೆಳಗೆ ನೋಡಿ, ಅಲ್ಲಿ ಜಲಸಂಧಿಗಳಿವೆ ಎಂದುಬಿಟ್ಟಿದ್ದ. ನಕಾಶೆ ಬರೆಯುವವರು ನಂಬಿದರು. ಕೆಲವು ವರ್ಷಗಳ ನಂತರ ನಾಯಿಗಳು ಎಳೆಯುವ ಬಂಡಿಗಳೊಂದಿಗೆ ಹಿಮದ ಮೇಲೆ ನಡೆದು ಹೋದವರು, ಅವು ನೀರಲ್ಲ, ಹಿಮನದಿಗಳು, ನೆಲ ಒಂದೇ ಎಂದು ತೋರಿಸಿದರು. ನನ್ನ ಅಟ್ಲಾಸ್ ಈ ಎರಡರ ನಡುವೆ ಅಚ್ಚಾದದ್ದು. ಮರುದಿನ ನೀವು ಇನ್ನೂ ಅದೇ ಗೋಡೆಯ ಮುಂದೆ ಇದ್ದಿರಿ. ಹೇಳಬಹುದಿತ್ತು — ಬಾಯಿ ಬಿಡಲಿಲ್ಲ.

ಮುಂದಿನ ತಿಂಗಳು ತಪಾಸಣೆಗೆ ಬಂದ ಅಧಿಕಾರಿ ಆ ನೀಲಿ ಗೆರೆಯ ಮೇಲೇ ಬೆರಳಿಟ್ಟರು. ಮುಖ್ಯೋಪಾಧ್ಯಾಯರು ನನ್ನತ್ತ ನೋಡಿದರು.

"ಪೇಂಟರ್ ತಪ್ಪು ಮಾಡ್ಯಾನ್ರಿ. ಓದು ಬರಹ ಇಲ್ಲದ ಮನಶ್ಯಾ" ಎಂದೆ.

ನನ್ನ ನಕಾಶೆಯನ್ನೇ ತಿದ್ದಬಲ್ಲ ಮನುಷ್ಯನ ಬಗ್ಗೆ ಈ ಮಾತು! ಅದು ಶಾಲೆಯಿಂದ ಶಾಲೆಗೆ ಹೋಯಿತು. ಆಮೇಲೆ ಸುತ್ತಲಿನ ಯಾವ ಶಾಲೆಯೂ ನಿಮ್ಮನ್ನು ಕರೆಯಲಿಲ್ಲ. ಫ್ಲೆಕ್ಸ್ ಬಂದು ನಿಮ್ಮ ಕೆಲಸ ಹೋಯಿತು ಎಂದು ನನಗೆ ನಾನೇ ಹೇಳಿಕೊಂಡೆ. ಸುಳ್ಳು. ನಮ್ಮ ಕಡೆ ಫ್ಲೆಕ್ಸ್ ಕಾಲಿಡುವ ಮೊದಲೇ ನಿಮ್ಮ ಡಬ್ಬಿಗಳು ಒಣಗಿದ್ದವು.

ನಾನೀಗ ನಿವೃತ್ತ. ಬರುವ ಸೋಮವಾರ ಬೆಳಗಿನ ಪ್ರಾರ್ಥನೆಯಲ್ಲಿ ನಾಲ್ಕು ಮಾತಾಡಲು ಶಾಲೆಯವರು ಕರೆದಿದ್ದಾರೆ. ಎರಡು ಸಾಕು: ಪೇಂಟರ್ ಮೆಹಬೂಬ್ ಸಾಹೇಬರು ಸರಿ ಹೇಳಿದ್ದರು, ನಾನು ಗೊತ್ತಿದ್ದೂ ಸುಳ್ಳು ಹೇಳಿದೆ. ನೀವು ಬರಲೇಬೇಕೆಂದಿಲ್ಲ, ಕ್ಷಮಿಸಲೂ ಬೇಡಿ. ನನ್ನ ಶಿಷ್ಯರೇ ಅಲ್ಲಿ ಈಗ ಶಿಕ್ಷಕರು. ಅವರೆದುರು ನನ್ನ ಮರ್ಯಾದೆ ಹೋಗುತ್ತದೆ ಎಂದು ಹೆಂಡತಿ ತಡೆಯುತ್ತಿದ್ದಾಳೆ. ಹೋಗಲಿ. ಇಷ್ಟು ವರ್ಷ ನಾನು ಅದನ್ನು ಉಳಿಸಿಕೊಂಡದ್ದು ನಿಮ್ಮ ಮರ್ಯಾದೆಯನ್ನು ಕಳೆದು.