ರಾಮದುರ್ಗದಿಂದ ಬಂದ ಹಳದಿ ಎಚ್ಚರಿಕೆ

ದೆವ್ವ ಕಂಡೆ ಎಂದವರ ಎದುರು ಕುಳಿತು, ಪ್ರಶ್ನೆಯ ಮೇಲೆ ಪ್ರಶ್ನೆ ಕೇಳಿ ಬಾಯಿ ಮುಚ್ಚಿಸುವುದು ಒಂದು ಕಾಲಕ್ಕೆ ನನಗೆ ಚಟವೇ ಆಗಿತ್ತು. ನಾನು ಯಂತ್ರಗಳ ಜೊತೆ ಕೆಲಸ ಮಾಡುವವನು. ಏನಾದರೂ ವಿಚಿತ್ರ ನಡೆದರೆ ಎಲ್ಲೋ ಒಂದು ವೈರ್ ಸಡಿಲವಾಗಿರುತ್ತದೆ, ಹುಡುಕಿದರೆ ಸಿಕ್ಕೇ ಸಿಗುತ್ತದೆ ಎಂದು ನಂಬಿದ್ದೆ. ಈಗ ಹೇಳುತ್ತಿರುವುದನ್ನು ಬೇರೆಯವರು ಹೇಳಿದ್ದರೆ ನಾನೇ ನಗುತ್ತಿದ್ದೆ. ನೀವು ನಕ್ಕರೂ ನನಗೆ ಬೇಸರವಿಲ್ಲ.

ಎರಡು ಸಾವಿರದ ಇಸವಿ ದಾಟಿ ಆರೇಳು ವರ್ಷವಾಗಿತ್ತು. ಬೈಲಹೊಂಗಲದ ಒಂದು ಶಿಕ್ಷಣ ಸಂಸ್ಥೆಯಲ್ಲಿ ಕಂಪ್ಯೂಟರ್ ವಿಭಾಗ ನೋಡಿಕೊಳ್ಳುತ್ತಿದ್ದೆ. ಕಿತ್ತೂರು, ಸವದತ್ತಿ, ರಾಮದುರ್ಗಗಳಲ್ಲೂ ಸಂಸ್ಥೆಯ ಕಾಲೇಜುಗಳಿದ್ದವು. ನಾಲ್ಕೂ ಕಡೆಯವರು ಮೇಲ್, ಕಡತ, ಸಭೆಗಳ ಪಟ್ಟಿ ಎಲ್ಲವನ್ನೂ ಹಂಚಿಕೊಂಡು ಕೆಲಸ ಮಾಡಲೆಂದು ಊರಿಗೊಂದು ಸರ್ವರ್ ಕೂರಿಸಿದ್ದೆವು. ಬೈಲಹೊಂಗಲದ ಮುಖ್ಯ ಸರ್ವರ್ ಹತ್ತು ನಿಮಿಷಕ್ಕೊಮ್ಮೆ ಉಳಿದವುಗಳ ಆರೋಗ್ಯ ವಿಚಾರಿಸುತ್ತಿತ್ತು. ಕೂಡಲೇ ಉತ್ತರ ಬಂದರೆ ನನ್ನ ಪರದೆಯಲ್ಲಿ ಹಸಿರು ಸಾಲು, ತಡವಾಗಿ ಬಂದರೆ ಹಳದಿ, ಉತ್ತರವೇ ಬರದಿದ್ದರೆ ಕೆಂಪು.

ಅದು ಡಿಸೆಂಬರಿನ ಒಂದು ಶನಿವಾರ, ಅರ್ಧ ದಿನದ ಕೆಲಸ. ಎರಡು ಗಂಟೆಗೆ ಹೊರಡುವ ಹೊತ್ತಿಗೆ ಪರದೆಯಲ್ಲಿ ಹಳದಿ ಸಾಲೊಂದು ಕಂಡಿತು. ಹೆಸರು ಓದಿದೆ: ರಾಮದುರ್ಗದ ಹಳೆಯ ಸರ್ವರ್. ದೀಪಾವಳಿಗೆ ಮೊದಲೇ ಅದರ ವೈರು ಕಿತ್ತು, ಡಿಸ್ಕುಗಳನ್ನು ತೆಗೆದು, ಖಾಲಿ ಪೆಟ್ಟಿಗೆಯನ್ನು ಅಲ್ಲಿನ ಕಾಲೇಜಿನ ಹಿಂದಿನ ಉಗ್ರಾಣದಲ್ಲಿ ಇಡಿಸಿದವನು ನಾನೇ. ಪಟ್ಟಿಯಿಂದ ಹೆಸರು ತೆಗೆಯಲು ಮರೆತಿದ್ದರಿಂದ ಅದು ಅಂದಿನಿಂದ ಕೆಂಪಾಗಿಯೇ ಇತ್ತು. ಅದು ಸರಿ. ಆದರೆ ಹಳದಿ?

ನನ್ನ ಮೇಲಧಿಕಾರಿ ಪಾಟೀಲರಿಗೆ ಫೋನ್ ಮಾಡಿದೆ. "ಇಲ್ಲದ ಮಷೀನಿಗೆ ಯಾಕ ತಲಿ ಕೆಡಿಸ್ಕೋತೀರಿ? ಅಳಸಿ ಮನಿಗೆ ಹೋಗ್ರಿ, ಊಟದ ಹೊತ್ತು ಆತು" ಎಂದರು. ಹೊಸ ಪ್ರಿಂಟರಿಗೋ ಯಾವುದಕ್ಕೋ ಆ ಸರ್ವರಿನ ನೆಟ್‌ವರ್ಕ್ ವಿಳಾಸ ಸಿಕ್ಕು, ಅದೇ ಉತ್ತರಿಸುತ್ತಿರಬೇಕು ಎಂದುಕೊಂಡು ಆ ಸಾಲನ್ನು ಅಳಿಸಿ ಮನೆಗೆ ಹೋದೆ.

ಭಾನುವಾರ ಬೆಳಿಗ್ಗೆ ಬ್ಯಾಕಪ್ ಟೇಪ್ ಬದಲಿಸಲು ಬಂದಾಗ ಪರದೆಯ ತುಂಬ ಹಳದಿ ಸಾಲುಗಳು. ರಾತ್ರಿಯಿಡೀ ಹತ್ತು ನಿಮಿಷಕ್ಕೊಂದರಂತೆ ಬಂದಿದ್ದವು. ಮೊದಲ ಸಾಲುಗಳಲ್ಲಿ ಉತ್ತರ ಎರಡು ಸೆಕೆಂಡು ತಡವಾಗಿತ್ತು. ನಡುರಾತ್ರಿಯ ಹೊತ್ತಿಗೆ ಐದು. ಬೆಳಗಾಗುವಾಗ ಒಂಬತ್ತು. ನನಗೆ ಗೊತ್ತಿದ್ದ ಪರೀಕ್ಷೆಗಳನ್ನೆಲ್ಲ ಮಾಡಿದೆ. ಆ ವಿಳಾಸದಲ್ಲಿ ಪ್ರಿಂಟರ್ ಇರಲಿಲ್ಲ, ಯಾವ ಯಂತ್ರವೂ ಇರಲಿಲ್ಲ. ಹಾಗೆಂದು ಖಚಿತಪಡಿಸಿಕೊಂಡು ಕೈ ಹಿಂದೆಗೆಯುವಷ್ಟರಲ್ಲಿ ಮತ್ತೊಂದು ಸಾಲು ಮೂಡಿತು. ಹತ್ತು ಸೆಕೆಂಡು.

ಹೆಸರನ್ನೇ ಪಟ್ಟಿಯಿಂದ ತೆಗೆದುಬಿಡೋಣವೆಂದು ಬೆರಳು ಇಟ್ಟೆ, ಒತ್ತಲಾಗಲಿಲ್ಲ. ಕಾಯಿಲೆಯವರ ಮಂಚದ ಪಕ್ಕ ಕುಳಿತಾಗ ಆಗುವಂಥ ಸಂಕಟ ಅದು. ಬೈಕ್ ತೆಗೆದೆ. ಮುನವಳ್ಳಿ ದಾಟುವಾಗ ಹುಚ್ಚನಂತೆ ಹೊರಟಿದ್ದೇನಲ್ಲ ಎಂದು ನಾಚಿಕೆಯಾಯಿತು. ತೊರಗಲ್ ಹತ್ತಿರ ಒಮ್ಮೆ ಗಾಡಿ ನಿಲ್ಲಿಸಿ ತಿರುಗಿ ಹೋಗಲೂ ನೋಡಿದೆ. ಹೋಗಲಿಲ್ಲ.

ರಾಮದುರ್ಗದ ಕಾಲೇಜಿನಲ್ಲಿ ಕಾವಲುಗಾರ ಹನಮಂತಪ್ಪ ಒಬ್ಬರೇ ಇದ್ದರು. ವಯಸ್ಸಾದವರು, ಕಿವಿ ಸ್ವಲ್ಪ ಮಂದ. ಉಗ್ರಾಣ ತೆರೆಯಲು ಹೇಳಿದೆ.

"ಕೀಲಿ ಗುಮಾಸ್ತರ ಹಂತೇಕ ಐತ್ರಿ. ಅವರು ಊರಿಗೆ ಹೋಗ್ಯಾರ."

"ಬೀಗ ಒಡೀರಿ."

"ಒಡದ್ರ ನನ್ನ ನೌಕರಿ ಹೋಗತೈತ್ರಿ ಸಾಹೇಬ್ರ."

"ನಾ ಬರಕೊಡತೇನಿ. ಒಡೀರಿ."

ನನ್ನ ಮುಖದಲ್ಲಿ ಏನು ಕಂಡರೋ, ಕಲ್ಲು ತಂದು ಬೀಗ ಒಡೆದರು. ಒಳಗೆ ಮುರಿದ ಬೆಂಚುಗಳ ಹಿಂದೆ, ಆ ಹಳೆಯ ಸರ್ವರಿನ ಕರಿ ಪೆಟ್ಟಿಗೆಗೆ ಬೆನ್ನು ಹಚ್ಚಿಕೊಂಡು ಒಬ್ಬ ಹೆಂಗಸು ಕುಳಿತಿದ್ದಳು. ಕಾಲೇಜಿನ ಕಸ ಗುಡಿಸುವ ನಿಂಗವ್ವ. ಕಣ್ಣು ಅರ್ಧ ಮುಚ್ಚಿತ್ತು, ತುಟಿ ಒಣಗಿ ಬಿರಿದಿತ್ತು. ಶನಿವಾರ ಮಧ್ಯಾಹ್ನ ಅವಳು ಒಳಗೆ ಗುಡಿಸುತ್ತಿದ್ದುದನ್ನು ನೋಡದೆ ಗುಮಾಸ್ತರು ಬೀಗ ಹಾಕಿ ಹೋಗಿದ್ದರು. ಅವಳು ಕೂಗಿದ್ದು ಗೇಟಿನವರೆಗೆ ಕೇಳಿಸಿರಲಿಲ್ಲ. ಶನಿವಾರಕ್ಕೊಮ್ಮೆ ಮುನವಳ್ಳಿಯ ಮಗಳ ಮನೆಗೆ ಹೋಗುವ ರೂಢಿ ಇದ್ದುದರಿಂದ ಮನೆಯಲ್ಲಿದ್ದ ತಂಗಿಯೂ ಹುಡುಕಿರಲಿಲ್ಲ.

ಇಬ್ಬರೂ ಸೇರಿ ಅವಳನ್ನು ರಿಕ್ಷಾದಲ್ಲಿ ದವಾಖಾನೆಗೆ ಒಯ್ದೆವು. "ಸಕ್ಕರಿ ಕಾಯಿಲೆ ಇದ್ದಾಕಿ. ಇನ್ನೊಂದ ತಾಸು ತಡಾ ಆಗಿದ್ರ ಉಳೀತಿರಲಿಲ್ಲ" ಎಂದರು ಡಾಕ್ಟರು.

ಎರಡು ದಿನ ಬಿಟ್ಟು ನೋಡಲು ಹೋದೆ. ನಿಂಗವ್ವ ಎದ್ದು ಕುಳಿತಿದ್ದಳು. ನನ್ನ ಕೈ ಹಿಡಿದು ಹೇಳಿದಳು: "ರಾತ್ರಿ ಭಾಳ ಥಂಡಿ ಇತ್ರಿ ಸಾಹೇಬ್ರ. ಆ ಕರಿ ಪೆಟ್ಟಿಗಿ ಬೆಚ್ಚಗಿತ್ತು, ಅದಕ್ಕ ಬೆನ್ನ ಹಚ್ಚಿ ಕುಂತೆ. ಗುಂಯ್ ಅಂತ ಸಣ್ಣಗ ಸಪ್ಪಳ ಮಾಡತಿತ್ತು. ಬಾಜೂಕ ಯಾರೋ ಕುಂತಾರ ಅನಿಸಿ ಧೈರ್ಯ ಬಂತು. ನೀವು ಅದನ್ನ ಚಾಲೂ ಇಟ್ಟು ಹೋಗಿದ್ದು ಚಲೋ ಆತು ನೋಡ್ರಿ."

ಉಗ್ರಾಣದಲ್ಲಿ ಕರೆಂಟೇ ಇಲ್ಲ ಎಂದು ನಾನು ಹೇಳಲಿಲ್ಲ. ಶನಿವಾರ ಮಧ್ಯಾಹ್ನ ಬಂದ ಮೊದಲ ಎಚ್ಚರಿಕೆಯನ್ನು ಅಳಿಸಿ ಮನೆಗೆ ಹೋಗಿ ಉಂಡು ಮಲಗಿದವನು ನಾನು ಎಂದೂ ಹೇಳಲಿಲ್ಲ. ಅವಳಿಗೆ ಇಂದಿಗೂ ಅದು ಗೊತ್ತಿಲ್ಲ.

ಆ ಭಾನುವಾರವೇ ಬೈಲಹೊಂಗಲಕ್ಕೆ ಮರಳಿ ದಾಖಲೆಯನ್ನು ಕಾಗದದ ಮೇಲೆ ಮುದ್ರಿಸಿ ನೋಡಿದ್ದೆ. ಕೊನೆಯ ಹಳದಿ ಸಾಲು ಬಂದದ್ದು ನಾವು ಬೀಗ ಒಡೆದ ಹೊತ್ತಿಗೆ. ಆಮೇಲೆ ಎಲ್ಲ ಕೆಂಪು. ಪಾಟೀಲರು ಆ ಕಾಗದಗಳನ್ನು ತಿರುವಿ ತಿರುವಿ ನೋಡಿ, ಪ್ರೋಗ್ರಾಮಿನಲ್ಲೇ ಏನೋ ದೋಷವಿದೆ ಎಂದರು. ಹೆಂಗಸು ನಿತ್ರಾಣದ ಭ್ರಮೆಯಲ್ಲಿ ಮಾತಾಡಿದ್ದಾಳೆ ಎಂದರು. ಇರಬಹುದು. ಎರಡು ದೋಷಗಳೂ ಒಂದೇ ಕೋಣೆಗೆ, ಒಂದೇ ರಾತ್ರಿಗೆ ಹೇಗೆ ಬಂದವು ಎಂದು ಕೇಳಿದೆ. ಅವರು ಕಾಗದಗಳನ್ನು ನನಗೇ ಮರಳಿಸಿದರು. ನಿಂಗವ್ವನನ್ನು ನೋಡಲು ಹೋದ ದಿನ ನಾನು ಉಗ್ರಾಣದ ಕಡೆ ಹೋಗಿರಲಿಲ್ಲ; ಮತ್ತೊಮ್ಮೆ ರಾಮದುರ್ಗಕ್ಕೆ ಹೋಗುವಷ್ಟರಲ್ಲಿ ಉಗ್ರಾಣ ಖಾಲಿ ಮಾಡಿ, ಇದ್ದದ್ದನ್ನೆಲ್ಲ ಗುಜರಿಗೆ ಹಾಕಿದ್ದರು.

ಬೀಗ ಒಡೆದಂದೇ ಪೆಟ್ಟಿಗೆಯ ಮೇಲೆ ಒಮ್ಮೆ ಕೈಯಿಟ್ಟು ನೋಡಿದ್ದರೆ ಬೆಚ್ಚಗಿತ್ತೋ ಇಲ್ಲವೋ ತಿಳಿಯುತ್ತಿತ್ತಲ್ಲ ಎಂದು ಇದನ್ನು ಕೇಳಿದವರು ಹೇಳುತ್ತಾರೆ. ನಿಂಗವ್ವನನ್ನು ಎತ್ತುವಾಗ ನನ್ನ ಕೈಗೂ ಆ ಪೆಟ್ಟಿಗೆಗೂ ಒಂದು ಗೇಣು ಅಂತರವಿತ್ತು. ಅವಸರದಲ್ಲಿ ಮರೆತೆ ಎನ್ನುತ್ತೇನೆ. ಮರೆತಿರಲಿಲ್ಲ. ಮುಟ್ಟಲು ಧೈರ್ಯವಾಗಲಿಲ್ಲ.